ಫಾಂಟಾದ ಅತ್ತೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದು ನಗುವುದು ಬೇಡ. ಹಾವೇರಿಯ ಪೇಂಟರ್ ಶಾಂತತ್ತಿ, ಅಂದರೆ ನನ್ನ ಅಪ್ಪನ ಅಕ್ಕ, ತನಗೆ ಮರೆವಿನ ಕಾಯಿಲೆ ಹತ್ತಿದೆ ಎಂದು ಹೆದರಿ ದಿನಾ ಬೆಳಿಗ್ಗೆ ನೆನೆಸಿದ ಬಾದಾಮಿ ತಿನ್ನುವಂತಾದದ್ದು ನನ್ನಿಂದ. ಬ್ಯಾಡಗಿಯ ಗಿರಿಜತ್ತಿ, ಅಂದರೆ ಶಾಂತತ್ತಿಯ ತಂಗಿ, ಆಗದ ರಾಜಿಯೊಂದು ಆಗಿಯೇಬಿಟ್ಟಿದೆ ಎಂದು ನಂಬಿ ಇಳಕಲ್ ಸೀರೆಯುಟ್ಟು ಕುಂಕುಮದ ಬಟ್ಟಲು ಹಿಡಿದು ಹಾವೇರಿ ಬಸ್ಸು ಹತ್ತಿದ್ದೂ ನನ್ನಿಂದ. ಎರಡು ಕಡೆಯೂ ನಾನು ಮಾಡಿದ್ದು ಒಂದೇ ಕೆಲಸ, ಇನ್ನೊಬ್ಬರ ಹಾಗೆ ಮಾಡುವುದು. ಮೊದಲು ಕೈಯಿಂದ ಮಾಡಿದೆ. ಸಾಲದೆಂದು ಗಂಟಲಿನಿಂದಲೂ ಮಾಡಿದೆ.

ಇದೆಲ್ಲ ಮತ್ತೆ ನೆನಪಾದದ್ದು ಒಂದು ಗೋಬಿ ಮಂಚೂರಿ ಗಾಡಿಯಿಂದ. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡ್ ಎದುರು ಮೊನ್ನೆ ಹೊಸದೊಂದು ಗಾಡಿ ಬಂದು ನಿಂತಿತ್ತು. ಅದರ ನೆತ್ತಿಯ ಮೇಲೆ ಕೆಂಪಗೆ ‘ಬಿಸಿ ಬಿಸಿ ಗೋಬಿ’ ಎಂದಿತ್ತು. ಒಂದಕ್ಷರವೂ ನೆಟ್ಟಗೆ ನಿಂತಿರಲಿಲ್ಲ. ‘ಬಿ’ ಸೊಂಟದ ಮೇಲೆ ಕೈಯಿಟ್ಟುಕೊಂಡಿತ್ತು, ‘ಸಿ’ ಅದರ ಹೆಗಲಿಗೆ ಒರಗಿಕೊಂಡು ಏನೋ ಚಾಡಿ ಹೇಳುತ್ತಿತ್ತು. ನೋಡಿದ ಕೂಡಲೇ ಗೊತ್ತಾಯಿತು, ಅತ್ತೆಯ ಕೈ. ಗಾಡಿಯವನು ಶಾಂತತ್ತಿಯನ್ನು ಜನ್ಮದಲ್ಲಿ ನೋಡಿದವನಲ್ಲ, ಶಾಂತತ್ತಿ ಗೋಬಿ ಮಂಚೂರಿಯನ್ನು ಜನ್ಮದಲ್ಲಿ ತಿಂದವಳಲ್ಲ. ಆದರೂ ಇಬ್ಬರ ನಡುವೆ ಇಷ್ಟು ಸಲಿಗೆ. ಅತ್ತೆಗೆ ಗೌರವ ಸಲ್ಲಿಸಲೆಂದು ನಿಂತಲ್ಲೇ ಒಂದು ಪ್ಲೇಟ್ ತಿಂದೆ. ಅದೂ ಹೊಟ್ಟೆಯೊಳಗೆ ಆ ಅಕ್ಷರಗಳ ಹಾಗೆಯೇ ಒಂದಕ್ಕೊಂದು ಒರಗಿಕೊಂಡು ಸಂಜೆಯವರೆಗೆ ಮಾತಾಡಿತು.

ನನಗೆ ತೊಟ್ಟಿಲಲ್ಲಿ ಇಟ್ಟ ಹೆಸರು ಬೇರೆ. ಕರೆಯುವ ಹೆಸರು ಗಿಳಿ. ಹಲಗೇರಿಯ ನಮ್ಮ ಓಣಿಯಲ್ಲಿ ನಾನು ಯಾರ ಧ್ವನಿಯನ್ನೂ ಬಿಟ್ಟವನಲ್ಲ. ಬಸ್ಸಿನ ಕಂಡಕ್ಟರು ‘ಒಳಗ ಸರೀರಿ’ ಎನ್ನುವಾಗ ಮೂಗಿನಲ್ಲಿ ಸಿಕ್ಕಿಕೊಳ್ಳುವ ‘ರಿ’, ನಮ್ಮ ಹೆಡ್‌ಮಾಸ್ತರರು ಸಿಟ್ಟು ಬರುವ ಮೊದಲು ಹಲ್ಲಿನ ಸಂದಿಯಿಂದ ಎಳೆದುಕೊಳ್ಳುವ ಗಾಳಿ, ಎಲ್ಲವೂ ನನ್ನ ಹತ್ತಿರ ಜೋಪಾನವಾಗಿವೆ. ಈಗ ಕೆಲಸ ಮಾಡುವ ರಾಣೆಬೆನ್ನೂರಿನ ಫ್ಲೆಕ್ಸ್ ಅಂಗಡಿಯ ಮಾಲಕರು ಒಳಗೆ ಬರುವ ಮೊದಲು ಎರಡು ಸಲ ಕೆಮ್ಮುತ್ತಾರೆ. ಅವರಿಲ್ಲದಾಗ ನಾನು ಕೆಮ್ಮಿದರೂ ಸಾಕು, ಮೊಬೈಲುಗಳೆಲ್ಲ ಕಿಸೆ ಸೇರಿ ಅಂಗಡಿ ತಾನಾಗಿ ದುಡಿಯತೊಡಗುತ್ತದೆ. ಒಮ್ಮೆ ಯಾರೋ, ಎಲ್ಲರ ಹಾಗೆ ಮಾಡ್ತೀಯಲ್ಲ, ನಿನ್ನ ಹಾಗೆ ಮಾಡು ನೋಡೋಣ ಎಂದರು. ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ. ಅಪ್ಪನ ಧ್ವನಿ ಬಂತು. ಅವತ್ತಿನಿಂದ ಆ ಐಟಂ ಕೈಬಿಟ್ಟಿದ್ದೇನೆ.

ಶಾಲೆಗೆ ಸೂಟಿ ಬಿದ್ದರೆ ನನ್ನನ್ನು ಹಾವೇರಿಗೆ, ಶಾಂತತ್ತಿಯ ಮನೆಗೆ ಸಾಗಹಾಕುತ್ತಿದ್ದರು. ಹಲಗೇರಿಯವರಿಗೆ ಸೂಟಿ ಸಿಗುತ್ತಿದ್ದದ್ದು ಹಾಗೆ. ಆ ಮನೆಯಲ್ಲಿ ಅನ್ನದಿಂದ ಹಿಡಿದು ಹಾಸಿಗೆಯವರೆಗೆ ಟರ್ಪೆಂಟೈನಿನ ವಾಸನೆ. ಪಡಸಾಲೆಯ ಮೂಲೆಯಲ್ಲಿ ಎನಾಮಲ್ ಡಬ್ಬಿಗಳ ಸಾಲು. ಮುಚ್ಚಳ ತೆಗೆದರೆ ಬಣ್ಣದ ಮೇಲೆ ಹಾಲಿನ ಕೆನೆಯ ಹಾಗೆ ದಪ್ಪ ಪದರ. ಅದನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ನಡುಗುತ್ತಿತ್ತು. ಇನ್ನೊಂದು ಚೂರು ಒತ್ತಿದರೆ ಹರಿದು, ಬೆರಳು ಬುಡದ ತನಕ ಹಸಿರಾಗುತ್ತಿತ್ತು. ಆ ಬೆರಳನ್ನು ಒರೆಸಲು ನಾನು ಹುಡುಕುತ್ತಿದ್ದದ್ದು ಯಾವಾಗಲೂ ಅತ್ತೆಯ ಗಂಡ ಮಾಮಾನ ಧೋತರವನ್ನೇ. ಮಾಮಾ ಸಿಟ್ಟಾಗುತ್ತಿರಲಿಲ್ಲ. ಧೋತರ ನೋಡಿ, ಇವತ್ತು ಹಸಿರು ಡಬ್ಬಿ ಒಡೆದಿದೆ ಎಂದು ಲೆಕ್ಕ ಹಾಕಿಕೊಳ್ಳುತ್ತಿದ್ದ.

ನಿಜವಾದ ಪೇಂಟರ್ ಮಾಮಾನೇ. ಆದರೆ ಒಂದು ದಿನ ಬೋರ್ಡು ಬರೆಯುತ್ತಿದ್ದಾಗ ನಿಚ್ಚಣಿಕೆಯಿಂದ ಜಾರಿ ಕೆಳಗಿದ್ದ ಟೊಮೆಟೊ ಗಾಡಿಯ ಮೇಲೆ ಬಿದ್ದ. ಪೆಟ್ಟಾಗಲಿಲ್ಲ. ಟೊಮೆಟೊದ ಕೆಂಪು ನೋಡಿ ತಾನು ಸತ್ತೆನೆಂದು ತಿಳಿದ. ಆಮೇಲೆ ತನ್ನ ಎದೆಯ ಮಟ್ಟಕ್ಕಿಂತ ಮೇಲೆ ಆತ ಕುಂಚ ಎತ್ತಲಿಲ್ಲ. ಒಪ್ಪಿಕೊಂಡ ಬೋರ್ಡುಗಳು ಅರ್ಧಕ್ಕೇ ನಿಂತಾಗ ಶಾಂತತ್ತಿ ಕಚ್ಚೆ ಕಟ್ಟಿ ನಿಚ್ಚಣಿಕೆ ಹತ್ತಿದಳು. ಮೇಲಿನ ದೊಡ್ಡ ಸಾಲು ಅವಳದು, ಕೆಳಗಿನ ಪ್ರೊಪ್ರೈಟರ್, ವಿಳಾಸ, ‘ಸಾಲ ಕೇಳಬೇಡಿ’ ಮಾಮಾನದು. ಹೀಗೆ ಹಾವೇರಿಯ ಬೋರ್ಡುಗಳೆಲ್ಲ ತಲೆಯಲ್ಲಿ ಕುಣಿಯುತ್ತಿದ್ದವು, ಕಾಲಲ್ಲಿ ಅಟೆನ್ಶನ್ ನಿಲ್ಲುತ್ತಿದ್ದವು.

ಅವಳ ಅಕ್ಷರವನ್ನು ಹೇಗೆ ಹೇಳಲಿ? ‘ಕ’ ಕಿವಿಗೆ ಓಲೆ ಹಾಕಿಕೊಂಡು ಬರುತ್ತಿತ್ತು. ‘ಮ’ ಜೋಳದ ರೊಟ್ಟಿ ಉಂಡು ಗೋಡೆಗೆ ಒರಗಿದಂತೆ ಇರುತ್ತಿತ್ತು. ‘ಳ’ದ ಬಾಲ ಪಕ್ಕದ ಅಕ್ಷರದ ಸೊಂಟ ಚಿವುಟುತ್ತಿತ್ತು. ತಲೆಕಟ್ಟುಗಳೆಲ್ಲ ಗಾಳಿಗೆ ಸೆರಗು ಹಾರಿದ ಹಾಗೆ ಬಲಕ್ಕೆ. ಕುಂಚದ ಬಣ್ಣ ಮುಗಿಯುವ ಜಾಗದಲ್ಲಿ ಗೆರೆ ಗೀರುಗೀರಾಗಿ ಬಿಡುತ್ತಿತ್ತು. ಬೇರೆ ಪೇಂಟರರು ಅದನ್ನು ತುಂಬುತ್ತಾರೆ, ಇವಳು ಬಿಟ್ಟುಬಿಡುತ್ತಿದ್ದಳು. ವಕೀಲರೊಬ್ಬರು ತಮ್ಮ ಬೋರ್ಡು ನಗುತ್ತಿದೆ, ಕಕ್ಷಿದಾರರು ಗಂಭೀರವಾಗಿ ತೆಗೆದುಕೊಳ್ಳುತ್ತಿಲ್ಲ ಎಂದು ದೂರು ತಂದರು. ಬರೋರು ಅಳಕೋತ ಬರ್ತಾರ, ಬೋರ್ಡರೆ ನಗಲಿ ಬಿಡ್ರಿ ಎಂದು ಹೇಳಿ ಕಳಿಸಿದಳು. ಆ ಬೋರ್ಡು ಈಗಲೂ ಇದೆ. ವಕೀಲರ ಬಗ್ಗೆ ಗೊತ್ತಿಲ್ಲ.

ಆದರೆ ಅವಳ ಕೈಗೆ ನಿಜವಾದ ಮರ್ಯಾದೆ ಇದ್ದದ್ದು ಲಗ್ನದ ಗೋಡೆಯಲ್ಲಿ. ನಮ್ಮ ಕಡೆ ಮನೆಯಲ್ಲಿ ಮದುವೆ ಎಂದರೆ ಬಾಗಿಲ ಪಕ್ಕದ ಗೋಡೆಗೆ ಸುಣ್ಣ ಹೊಡೆದು, ಮೇಲೆ ‘ಶ್ರೀ’, ಎರಡು ಕಡೆ ಬಾಳೆಗಿಡ, ನಡುವೆ ಮದುಮಕ್ಕಳ ಹೆಸರು ಬರೆಸುತ್ತಾರೆ. ಬರೆದ ಹೆಸರನ್ನು ಲಗ್ನ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ. ಮುಗಿದ ಮೇಲೆ ಮುಟ್ಟುವ ನೆನಪು ಯಾರಿಗೂ ಇರುವುದಿಲ್ಲ. ಮದುಮಕ್ಕಳಿಗೆ ಮಕ್ಕಳಾಗಿ, ಆ ಮಕ್ಕಳು ಅದೇ ಗೋಡೆಗೆ ಚೆಂಡು ಹೊಡೆಯುವ ಕಾಲಕ್ಕೂ ಗೋಡೆಯ ಪಾಲಿಗೆ ಅವರಿನ್ನೂ ಚಿರಂಜೀವಿ, ಚಿರಂಜೀವಿ ಸೌಭಾಗ್ಯವತಿಯರೇ. ನಮ್ಮ ಮನೆತನದಲ್ಲಿ ಅಂಥ ಗೋಡೆ ಬರೆಯುವವಳು ಶಾಂತತ್ತಿ ಒಬ್ಬಳೇ. ನನ್ನ ಅಪ್ಪ ಅಮ್ಮನ ಹೆಸರು ಹಲಗೇರಿಯ ಗೋಡೆಯಲ್ಲಿ ಇನ್ನೂ ಇದೆ. ಮಳೆಗೆ ಅಮ್ಮನ ಹೆಸರು ಅರ್ಧ ಹೋಗಿದೆ, ಅಪ್ಪನ ಹೆಸರು ಪೂರ್ತಿ ಉಳಿದಿದೆ. ಮನೆಯೊಳಗಿನ ಪರಿಸ್ಥಿತಿ ಇದರ ಉಲ್ಟಾ.

ಗಿರಿಜತ್ತಿಯ ಮಗಳ ಲಗ್ನಕ್ಕೂ ಶಾಂತತ್ತಿ ಹೀಗೆಯೇ ಡಬ್ಬಿ, ಕುಂಚ, ಮಾಮಾ ಮೂರನ್ನೂ ಕಟ್ಟಿಕೊಂಡು ಬ್ಯಾಡಗಿಗೆ ಹೋದಳು. ಗಿರಿಜತ್ತಿಯ ಗಂಡನದು ಮೆಣಸಿನಕಾಯಿ ವ್ಯಾಪಾರ, ಹೊಸದಾಗಿ ಕಟ್ಟಿಸಿದ ಮನೆ. ಹೋಗಿ ನೋಡಿದರೆ ಬಾಗಿಲ ಪಕ್ಕದ ಗೋಡೆ ಕಾಣುವುದೇ ಇಲ್ಲ. ಮೇಲಿಂದ ಕೆಳಗಿನವರೆಗೆ ಒಂದು ಫ್ಲೆಕ್ಸ್ ತೂಗುತ್ತಿದೆ. ಗುಲಾಬಿ ಹೂವಿನೊಳಗಿಂದ ಮದುಮಕ್ಕಳು ಇಣುಕುತ್ತಿದ್ದಾರೆ, ಹಿಂದೆ ಎಲ್ಲಿಯದೋ ಹಿಮದ ಬೆಟ್ಟ. ಗಿರಿಜತ್ತಿ ಬೀಗರ ಎದುರಿಗೆ ನಗುನಗುತ್ತ, ಈಗ ಯಾರು ಗ್ವಾಡಿಗೆ ಬರಸ್ತಾರಕ್ಕಾ ಎಂದುಬಿಟ್ಟಳು. ಸಣ್ಣ ಮಾತು, ಕೆಟ್ಟ ಮನಸ್ಸಿನಿಂದ ಬಂದದ್ದೂ ಅಲ್ಲ. ಶಾಂತತ್ತಿ ಹೂಂ ಎಂದಳು, ಡಬ್ಬಿಗಳನ್ನು ಚೀಲಕ್ಕೆ ಮರಳಿಸಿದಳು, ಅಕ್ಷತೆ ಹಾಕಿ ಊಟ ಮಾಡದೆ ಬಸ್ಸು ಹತ್ತಿದಳು. ಅಲ್ಲಿಂದ ಈಚೆಗೆ ಅಕ್ಕ ತಂಗಿಯರ ನಡುವೆ ಮಾತಿರಲಿಲ್ಲ. ಆ ಫ್ಲೆಕ್ಸ್ ಮಾಡಿದ್ದು ಯಾರು ಎಂದು ನೀವು ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದು, ಆದರೂ ಹೇಳುತ್ತೇನೆ. ಅಂಗಡಿ ಸೇರಿದ ಮೇಲೆ ನನ್ನ ಮೊದಲ ಕೆಲಸ ಅದು. ಹಿಮದ ಬೆಟ್ಟ ನನ್ನದೇ ಆಯ್ಕೆ.

ಅದಕ್ಕೇ ಇರಬೇಕು, ಅಂಗಡಿಯಲ್ಲಿ ಕುಳಿತು ಬೀಜದ ಕಂಪನಿಗಳ ಬ್ಯಾನರಿಗೆ ಅದದೇ ಪೆಟ್ಟಿಗೆಯಂಥ ಅಕ್ಷರ ಕೂಡಿಸುವಾಗೆಲ್ಲ ಅತ್ತೆಯ ‘ಕ’ ಕಣ್ಣ ಮುಂದೆ ಬಂದು ಓಲೆ ಅಲ್ಲಾಡಿಸುತ್ತಿತ್ತು. ಅಷ್ಟರಲ್ಲಿ ಅವಳ ಬೋರ್ಡುಗಳು ಒಂದೊಂದಾಗಿ ಇಳಿಯತೊಡಗಿದ್ದವು. ಒಂದು ದಿನ ಬೈಕು ಹತ್ತಿದೆ. ಹಾವೇರಿಯ ಕಿರಾಣಿ ಅಂಗಡಿಗಳು, ಕರ್ಜಗಿಯ ಹಿಟ್ಟಿನ ಗಿರಣಿ, ಬ್ಯಾಡಗಿಯ ಮೆಣಸಿನಕಾಯಿ ಗೋದಾಮುಗಳ ಗೋಡೆ, ಎಲ್ಲೆಲ್ಲಿ ಅವಳ ಕೈ ಉಳಿದಿತ್ತೋ ಅಲ್ಲೆಲ್ಲ ನಿಂತು ಫೋಟೋ ಹೊಡೆದೆ. ಒಂದೊಂದೇ ಅಕ್ಷರ ಬಿಡಿಸಿ, ಕಂಪ್ಯೂಟರಿನಲ್ಲಿ ಅಂಚು ತಿದ್ದಿ, ಕೀಬೋರ್ಡಿನ ಕೀಲಿಗಳಿಗೆ ಕಟ್ಟಿ ಫಾಂಟು ಮಾಡಿದೆ. ಕೇಳಲು ಸುಲಭ. ಕನ್ನಡದ ಒತ್ತಕ್ಷರ, ಗುಣಿತ ಎಲ್ಲ ಒಂದರ ಮೈಮೇಲೆ ಒಂದು ಬೀಳದಂತೆ ನಿಲ್ಲಿಸುವುದು ಎಂದರೆ ಸಂತೆಯ ದಿನದ ಬಸ್ಸಿನಲ್ಲಿ ಎಲ್ಲರಿಗೂ ಸೀಟು ಕೊಡಿಸಿದ ಹಾಗೆ.

‘ಗ’ ತೆಗೆದುಕೊಂಡದ್ದು ಬ್ಯಾಡಗಿಯ ಗೋಡೆಯೊಂದರಿಂದ. ಸುಗ್ಗಿಯಲ್ಲಿ ಆ ಊರಿನ ಗಾಳಿಯೇ ಕೆಂಪು. ಅತ್ತೆ ಅದನ್ನು ಬರೆಯುತ್ತಿದ್ದಾಗ ಘಾಟು ಮೂಗಿಗೆ ಏರಿ ಸೀನಿದ್ದಳಂತೆ, ನಡುವೆ ಒಂದು ಕೊಂಕು ಉಳಿದಿದೆ. ನನಗೆ ಅದು ಬಹಳ ಚೆಂದ ಕಂಡಿತು, ಇದ್ದ ಹಾಗೇ ಇಟ್ಟೆ. ಈಗ ಜಿಲ್ಲೆಯಲ್ಲಿ ಎಲ್ಲೆಲ್ಲಿ ‘ಗ’ ಇದೆಯೋ ಅಲ್ಲೆಲ್ಲ ಶಾಂತತ್ತಿ ಸೀನುತ್ತಿದ್ದಾಳೆ.

ಕೆಲವು ಅಕ್ಷರ ಎಲ್ಲೂ ಸಿಗಲಿಲ್ಲ. ಬೋರ್ಡಿನ ಮೇಲೆ ‘ಙ’ ಬರೆಸಿಕೊಂಡ ಅಂಗಡಿ ಹಾವೇರಿ ಜಿಲ್ಲೆಯಲ್ಲಿ ಇಲ್ಲ. ಅತ್ತೆಯ ಹತ್ತಿರ ಹೋಗಿ, ಸುಮ್ಮನೆ ಒಂದು ಬರೆದುಕೊಡು ಎಂದೆ.

“ಯಾರ ಹೆಸರಲೇ ಅದು?” ಎಂದು ಕೇಳಿದಳು.

ಯಾರದೂ ಅಲ್ಲ, ಬರೀ ಅಕ್ಷರ ಎಂದೆ.

“ಹಂಗಾದ್ರ ಅವರು ಬಂದ ಮ್ಯಾಲೆ ಬರ್ಯೂಣು” ಎಂದು ಕುಂಚ ತೊಳೆಯಲು ಹೋದಳು. ಕೊನೆಗೆ ಆ ಅಕ್ಷರವನ್ನು ಅತ್ತೆಯ ಹಾಗೆ ನಾನೇ ಬರೆದು ಸೇರಿಸಿದೆ. ಇದುವರೆಗೆ ಅದನ್ನು ಯಾರೂ ಬಳಸಿಲ್ಲ. ಇಡೀ ಫಾಂಟಿನಲ್ಲಿ ನನ್ನ ಸ್ವಂತ ಕೊಡುಗೆ ಅದೊಂದೇ.

‘ಅತ್ತಿಕೈ’ ಎಂದು ಹೆಸರಿಟ್ಟು, ಬೇಕಾದವರು ತೆಗೆದುಕೊಳ್ಳಲಿ ಎಂದು ಇಂಟರ್ನೆಟ್ಟಿಗೆ ಬಿಟ್ಟೆ. ಅತ್ತೆಗೆ ಹೇಳಲಿಲ್ಲ. ಹೇಳಿದರೆ ಖುಷಿಪಡುತ್ತಾಳೆ ಎಂದು ಗೊತ್ತಿದ್ದರೆ ಹೇಳುತ್ತಿದ್ದೆ. ಬಿಟ್ಟದ್ದೇ ತಡ, ಬೇಲಿ ಮುರಿದ ಆಡಿನಂತೆ ಅದು ಎಲ್ಲೆಂದರಲ್ಲಿ ನುಗ್ಗಿತು. ಕಬ್ಬಿನ ಹಾಲಿನ ಗಾಡಿ, ಕಟಿಂಗ್ ಸಲೂನು, ಜವಳಿ ಅಂಗಡಿಯ ಸೇಲು, ಹತ್ತಿ ಬೀಜದ ಪ್ಯಾಕೆಟ್ಟು. ಒಂದೂರಿನಲ್ಲಿ ಹಿರಿಯರೊಬ್ಬರ ‘ಭಾವಪೂರ್ಣ ಶ್ರದ್ಧಾಂಜಲಿ’ಯನ್ನೂ ಯಾರೋ ಇದರಲ್ಲೇ ಹಾಕಿಸಿದ್ದರು. ತೀರಿಕೊಂಡವರ ತಲೆಯ ಮೇಲೆ ಅಕ್ಷರಗಳು ಕೈಕೈ ಹಿಡಿದು ಕುಣಿಯುತ್ತಿದ್ದವು. ನಾನು ನಾಚಿಕೆಯಿಂದ ಬೈಕು ನಿಲ್ಲಿಸಿ ಮನೆಯವರನ್ನು ಮಾತಾಡಿಸಿದರೆ, ಅವರು ಹಿರಿಯರೂ ಹಂಗ ಇದ್ದರು ಎಂದರು.

ಇಷ್ಟರ ನಡುವೆ ಒಂದು ಸಂಜೆ ಹಾವೇರಿಯಲ್ಲಿ ಶಾಂತತ್ತಿ ಜ್ಯೂಸ್ ಅಂಗಡಿಯೊಂದರ ಮುಂದೆ ನಿಂತಿದ್ದನ್ನು ಕಂಡೆ. ಜ್ಯೂಸ್ ಕುಡಿಯುತ್ತಿರಲಿಲ್ಲ. ಕತ್ತೆತ್ತಿ ಬೋರ್ಡು ನೋಡುತ್ತಿದ್ದಳು. ಹತ್ತಿರ ಹೋದಾಗ, ಇದನ್ನ ನಾ ಯಾವಾಗ ಬರದೆ ಎಂದು ನನ್ನನ್ನೇ ಕೇಳಿದಳು. ಹೇಳಬೇಕಾದ ಕ್ಷಣ ಅದೇ. ನಾನು ಕಂಡಕ್ಟರನ ಧ್ವನಿಯಲ್ಲಿ ಏನೋ ತಮಾಷೆ ಮಾಡಿ ಮಾತು ಹಾರಿಸಿದೆ. ಆಮೇಲೆ ಹೋದಾಗೆಲ್ಲ ಒಂದೊಂದು ಹೊಸ ಸುದ್ದಿ. ಇಂಥಲ್ಲಿ ಬರೆದಿದ್ದೇನಂತೆ, ನೆನಪೇ ಇಲ್ಲ. ಅಲ್ಲೂ ಬರೆದಿದ್ದೇನೆ, ಯಾರು ಬರೆಸಿದರೋ. ಮಾಮಾ, ವಯಸ್ಸಾಯಿತಲ್ಲ ಎಂದ. ಅವಳು ರಾತ್ರಿ ಬಾದಾಮಿ ನೆನೆಹಾಕತೊಡಗಿದಳು. ಒಲೆಯ ಮೇಲೆ ಹಾಲಿಟ್ಟು ಅಲ್ಲೇ ನಿಂತು ಕಾಯತೊಡಗಿದಳು. ಮರೆತುಬಿಟ್ಟರೆ ಎಂಬ ಅಂಜಿಕೆ. ನಾನು ಬಾದಾಮಿಯಲ್ಲಿ ಪಾಲು ಕೇಳಿ ತಿಂದೆ. ಇಂಥ ಮನುಷ್ಯನ ಪ್ರಬಂಧವನ್ನು ನೀವು ಓದುತ್ತಿದ್ದೀರಿ.

ಆಗ ಬಂತು ಗಿರಿಜತ್ತಿಯ ಮಗ ಸಂತೋಷನ ಲಗ್ನ. ಹುಡುಗಿ ದೀಪಾ. ಫ್ಲೆಕ್ಸಿನ ಆರ್ಡರು ನನಗೇ. ಕೊಡುವಾಗ ಗಿರಿಜತ್ತಿ ಸುತ್ತಿ ಬಳಸಿ ಒಂದೇ ಮಾತು ಕೇಳಿದಳು. ಅಕ್ಕನ್ನ ಕರದ್ರ ಬರ್ತಾಳೇನು? ನಾ ಹೋದ್ರ ಬಾಗಿಲಾ ತಗೀತಾಳೇನು? ಅವಳ ಮನೆಯಲ್ಲಿ ಹಣ್ಣು, ಬಟ್ಟೆ, ಹಾವೇರಿಯ ಯಾಲಕ್ಕಿ ಹಾರದವರೆಗೆ ಎಲ್ಲ ಹೊಂದಿತ್ತು. ಅಕ್ಕ ಒಬ್ಬಳು ಹೊಂದಿರಲಿಲ್ಲ. ಈ ಲಗ್ನಕ್ಕೂ ಬರದಿದ್ದರೆ ಮುಂದೆ ಬರಲು ಆ ಮನೆಯಲ್ಲಿ ಬೇರೆ ಲಗ್ನವೇ ಇಲ್ಲ, ಇಬ್ಬರೇ ಮಕ್ಕಳು.

ನನ್ನ ತಲೆಯಲ್ಲಿ ಜಾಣತನ ಮೊಳೆತದ್ದು ಆಗ. ಅತ್ತಿಕೈಯಲ್ಲಿ ‘ಶ್ರೀ’, ಮದುಮಕ್ಕಳ ಹೆಸರು ಕೂಡಿಸಿ, ಪಕ್ಕಕ್ಕೆ ಬಾಳೆಗಿಡ ಇಟ್ಟು, ಅಂಗಡಿಯ ಯಂತ್ರದಲ್ಲಿ ಸ್ಟಿಕರ್ ಹಾಳೆಯ ಮೇಲೆ ಅಚ್ಚು ಕತ್ತರಿಸಿಕೊಂಡೆ. ಅದನ್ನು ಗೋಡೆಗೆ ಅಂಟಿಸಿ ಬಣ್ಣ ತುಂಬಿ ಕಿತ್ತರೆ ಸಾಕು, ಬರೆದ ಹಾಗೇ ಕಾಣುತ್ತದೆ. ಫ್ಲೆಕ್ಸ್ ಕೊಡಲು ಬ್ಯಾಡಗಿಗೆ ಹೋದ ದಿನ ಮನೆಯವರೆಲ್ಲ ಬಟ್ಟೆ ತರಲು ಹುಬ್ಬಳ್ಳಿಗೆ ಹೋಗಿದ್ದರು. ಬಾಗಿಲ ಪಕ್ಕದ ಗೋಡೆ ಹೊಸ ಸುಣ್ಣ ಬಳಿದುಕೊಂಡು ಖಾಲಿ ನಿಂತಿತ್ತು. ಅಕ್ಕನ ಅಕ್ಷರ ನೋಡಿ ಗಿರಿಜತ್ತಿಗೆ ಖುಷಿಯಾಗಲಿ, ಕೇಳಿದರೆ ಫಾಂಟು ಎಂದರಾಯಿತು ಎಂದುಕೊಂಡು ಅಚ್ಚು ಒತ್ತಿ ಬಂದೆ.

ಸಂಜೆ ಗಿರಿಜತ್ತಿಯ ಫೋನು. ಅಳುತ್ತಿದ್ದಳು. ಅಕ್ಕ ಬಂದಿದ್ದಳೇನು, ತಾವು ಯಾರೂ ಇಲ್ಲದ ಹೊತ್ತು ನೋಡಿ ಬಂದು ಬರೆದು ಹೋದಳೇನು ಎಂದು ಕೇಳಿದಳು. ನಾನು ‘ಫಾಂಟು’ ಎನ್ನಬೇಕು. ಆ ಅಳುವಿನ ಎದುರಿಗೆ ಆ ಶಬ್ದ ಬಹಳ ಸಣ್ಣದೆನಿಸಿತು. ಹೌದು ಎಂದುಬಿಟ್ಟೆ. ಈಗ ಎಲ್ಲಿದ್ದಾಳೆ ಎಂದಳು. ಇಲ್ಲೇ ಎಂದು ನಾಲಗೆ ತಾನಾಗಿ ಹೇಳಿತು. ಹಂಗಾದ್ರ ಕೊಡು ಎಂದಳು.

ಇಲ್ಲಿ ಸಭ್ಯ ಮನುಷ್ಯನಾದವನು ಫೋನು ಇಡುತ್ತಾನೆ. ನಾನು ಗಂಟಲು ಸರಿಮಾಡಿಕೊಂಡೆ. ಶಾಂತತ್ತಿಯ ಧ್ವನಿ ನನಗೆ ಹಾಲು ಕುಡಿದಷ್ಟು ಸಲೀಸು. ತುಸು ಒಡಕು, ಮಾತಿನ ಕೊನೆಗೆ ಸಣ್ಣ ಎಳೆತ.

“ಹೂನವಾ, ನಾನ ಬರದೇನಿ. ಅಳಬ್ಯಾಡ. ಲಗ್ನಕ್ಕ ಬರ್ತೇನಿ.”

ಆ ಕಡೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ, ನಾಳೆ ಮುಂಜಾನೆ ನಾನೇ ಕುಂಕುಮ ಹಚ್ಚಿ ಕರೆಯಲು ಬರುತ್ತೇನೆ ಎಂದು ಫೋನಿಟ್ಟಳು. ನನ್ನ ಕೈಯೊಳಗಿನ ಮೊಬೈಲು ಬೆವರಿತು.

ಮರುದಿನ ಗಿರಿಜತ್ತಿಗಿಂತ ಮೊದಲು ಹಾವೇರಿ ತಲುಪಿ ಅತ್ತೆಯ ಕಾಲು ಹಿಡಿಯಬೇಕೆಂದು ಬೆಳಿಗ್ಗೆಯೇ ಬಸ್ಸು ಹತ್ತಿದೆ. ಆ ಬಸ್ಸಿಗೆ ಅವತ್ತು ಮೋಟೆಬೆನ್ನೂರಿನಲ್ಲಿ ಏನು ಪ್ರೀತಿ ಹುಟ್ಟಿತೋ, ಅಲ್ಲಿಂದ ಬಹಳ ಹೊತ್ತು ಕದಲಲೇ ಇಲ್ಲ. ಮನೆ ಮುಟ್ಟಿದಾಗ ಹೊಸ್ತಿಲ ಹತ್ತಿರ ಗಿರಿಜತ್ತಿಯ ಚಪ್ಪಲಿ ಇತ್ತು.

ಒಳಗೆ ಗಿರಿಜತ್ತಿ ಅಕ್ಕನ ಕೈ ಹಿಡಿದುಕೊಂಡು ಚಾಪೆಯ ಮೇಲೆ ಕುಳಿತಿದ್ದಳು. ಗೋಡೆಯ ಬಗ್ಗೆ, ಫೋನಿನ ಬಗ್ಗೆ, ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಎಂಬುದರ ಬಗ್ಗೆ ಬಿಡದೆ ಹೇಳುತ್ತಿದ್ದಳು. ಶಾಂತತ್ತಿ ನಗುತ್ತಿದ್ದಳು, ಆದರೆ ಆ ನಗೆ ಅವಳ ಮುಖದ ಮೇಲೆ ಯಾರೋ ಇಟ್ಟು ಹೋದಂತಿತ್ತು. ಚಹಾ ಮಾಡುತ್ತೇನೆ ಎಂದು ಎದ್ದಳು. ನಾನು ಹಿಂದೆಯೇ ಅಡುಗೆಮನೆಗೆ ಹೋದೆ. ಮಾಮಾ ಅಲ್ಲಿ ಕುಂಚ ತೊಳೆಯುತ್ತಿದ್ದ. ಅವಳು ಅವನ ಹತ್ತಿರ ಹೋಗಿ ತೀರಾ ಸಣ್ಣ ಧ್ವನಿಯಲ್ಲಿ ಕೇಳಿದಳು.

“ರೀ, ನಾ ಬ್ಯಾಡಗಿಗೆ ಹೋಗಿದ್ನೇನ್ರಿ?”

“ಇಲ್ಲಲ್ಲ” ಎಂದ ಮಾಮಾ.

ಅವಳು ಅವನ ಮುಖವನ್ನೇ ನೋಡಿದಳು. “ಹಂಗಾದ್ರ ನಿಮಗೂ ನೆನಪಿಲ್ಲ” ಎಂದಳು. ಬಟ್ಟಲಿನಲ್ಲಿ ಉಳಿದಿದ್ದ ಬಾದಾಮಿಯೊಂದನ್ನು ಬಾಯಿಗೆ ಹಾಕಿಕೊಂಡಳು. ಚಹಾಕ್ಕೆ ಸಕ್ಕರೆ ಹಾಕಿ, ಹಾಕಿದೆನೋ ಇಲ್ಲವೋ ಎಂದು ಚಮಚದಲ್ಲಿ ತೆಗೆದು ರುಚಿ ನೋಡಿದಳು. ನಿಚ್ಚಣಿಕೆಯ ಕೊನೆಯ ಮೆಟ್ಟಿಲ ಮೇಲೆ ನಿಂತು ಗಾಳಿಯಲ್ಲಿ ‘ಶ್ರೀ’ ಬರೆಯುವಾಗಲೂ ಒಂದು ಗೆರೆಯನ್ನು ಎರಡನೇ ಸಲ ನೋಡಿದವಳಲ್ಲ.

ನನಗೆ ಅಲ್ಲಿ ಯಾವ ತಮಾಷೆಯೂ ಹೊಳೆಯಲಿಲ್ಲ. ಪಡಸಾಲೆಗೆ ಬಂದು ನಿಂತೆ. ಇಬ್ಬರನ್ನೂ ಕರೆದೆ. ಮಾತಿನಲ್ಲಿ ಹೇಳಲು ಆಗದೆ, ನಿನ್ನೆ ಫೋನಿನಲ್ಲಿ ಹೇಳಿದ್ದನ್ನೇ ಅದೇ ಧ್ವನಿಯಲ್ಲಿ ಹೇಳಿದೆ. ಹೂನವಾ, ನಾನ ಬರದೇನಿ. ಶಾಂತತ್ತಿ ತನ್ನ ಧ್ವನಿ ತನ್ನೆದುರಿಗೆ ನಿಂತು ಮಾತಾಡುವುದನ್ನು ಕೇಳಿದಳು. ಆಮೇಲೆ ಮೊಬೈಲು ತೆಗೆದು ಫಾಂಟು ತೋರಿಸಿದೆ. ಜ್ಯೂಸ್ ಅಂಗಡಿ, ಸಲೂನು, ಬೀಜದ ಪ್ಯಾಕೆಟ್ಟು ಎಲ್ಲ ಒಪ್ಪಿಸಿದೆ. ‘ಅತ್ತಿಕೈ’ ಎಂದು ಒತ್ತಿದರೆ ಅತ್ತೆಯ ಕೈಯಲ್ಲಿ ‘ಅತ್ತಿಕೈ’ ಎಂದು ಬಂತು.

ಎಲ್ಲರಿಗಿಂತ ಮೊದಲು ಮಾತಾಡಿದವನು ಮಾಮಾ. ಒದ್ದೆ ಕುಂಚ ಹಿಡಿದುಕೊಂಡೇ ಬಂದು ಮೊಬೈಲಿನೊಳಗೆ ಇಣುಕಿ, “ಕೆಳಗಿನ ಸಾಲಿನ ಅಕ್ಷರ ಯಾಕ ತಗೊಂಡಿಲ್ಲ?” ಎಂದು ಬಹಳ ನೊಂದು ಕೇಳಿದ.

ಶಾಂತತ್ತಿ ಮೊದಲು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. “ಅಂದ್ರ ನನ್ನ ತಲಿ ಛಲೋ ಐತಿ” ಎಂದು ಮೆಲ್ಲಗೆ ಅಂದುಕೊಂಡಳು. ಆಮೇಲೆ ಕಣ್ಣು ತೆರೆದು ನನ್ನ ಕಡೆ ನೋಡಿದಳು. ಮುಂದಿನದನ್ನು ಬರೆದರೆ ಈ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಬೈಗುಳ ಮುಗಿಯುವ ಹೊತ್ತಿಗೆ ನೋಡಿದರೆ ಗಿರಿಜತ್ತಿ ಎದ್ದು ನಿಂತಿದ್ದಳು. ಅಕ್ಕ ಬರೆದಿಲ್ಲ. ಅಕ್ಕ ಬರುತ್ತೇನೆ ಎಂದೂ ಹೇಳಿಲ್ಲ. ಕುಂಕುಮದ ಬಟ್ಟಲು ಅವಳ ಕೈಯಲ್ಲಿ ಇನ್ನೂ ಹಾಗೆಯೇ ಇತ್ತು. ಹಚ್ಚಬೇಕೋ ಬೇಡವೋ ತಿಳಿಯದೆ ಮುಚ್ಚಳ ಹಾಕಿದಳು.

“ನಿಂದ್ರು” ಎಂದಳು ಶಾಂತತ್ತಿ. ತಂಗಿಗೆ ನೇರವಾಗಿ ಹೇಳಲಿಲ್ಲ, ಬಾಗಿಲಿಗೆ ಹೇಳಿದಳು. “ನನ್ನ ಹೆಸರಿನ ಸುಳ್ಳ ಆ ಗ್ವಾಡಿ ಮ್ಯಾಲ ಇರಬಾರದು. ರೀ, ಸುಣ್ಣದ ಡಬ್ಬಿ ತಗೋರಿ.”

ಬಸ್ಸಿನಲ್ಲಿ ಅಕ್ಕ ಮುಂದಿನ ಸೀಟು, ತಂಗಿ ಹಿಂದಿನ ಸೀಟು. ನಡುವೆ ಸುಣ್ಣದ ಡಬ್ಬಿಯ ಜೊತೆ ನಾನು. ಮಾಮಾ ಕಿಟಕಿಯ ಪಕ್ಕ ಕುಳಿತು ದಾರಿಯ ಬೋರ್ಡುಗಳ ಕೆಳಗಿನ ಸಾಲುಗಳನ್ನು ಓದುತ್ತಿದ್ದ.

ಬ್ಯಾಡಗಿಯ ಮನೆಯ ಮುಂದೆ ಹಂದರ ಹಾಕುತ್ತಿದ್ದರು. ಮದುಮಗ ಸಂತೋಷ ದೊಡ್ಡವ್ವನನ್ನು ಕಂಡು ಕಾಲಿಗೆ ಬೀಳಲು ಬಂದವನು ಅವಳ ಕೈಯಲ್ಲಿನ ಸುಣ್ಣ ನೋಡಿ ಅರ್ಧಕ್ಕೆ ನಿಂತ. ಶಾಂತತ್ತಿ ಗೋಡೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಕುಂಚ ಅದ್ದಿ ನನ್ನ ‘ಶ್ರೀ’ಯ ಮೇಲೆ ಎಳೆದಳು. ನೆರೆದ ಹೆಂಗಸರ ಬಾಯಿಂದ ಒಂದು ಉಸಿರು ಬಂತು. ಲಗ್ನದ ಹೆಸರು ಅಳಿಸುವುದನ್ನು ಆ ಓಣಿ ನೋಡಿದ್ದು ಅದೇ ಮೊದಲು.

“ಅಕ್ಕಾ, ಲಗ್ನದ ಮನಿ ಗ್ವಾಡಿ ಅಳಸ್ತಾರೇನ?” ಗಿರಿಜತ್ತಿ ಅಕ್ಕನ ಮೊಣಕೈ ಹಿಡಿದಳು.

ಶಾಂತತ್ತಿ ಕೈ ಬಿಡಿಸಿಕೊಂಡು ಕುಂಚವನ್ನು ಮತ್ತೆ ಅದ್ದಿದಳು. ಸಂತೋಷ ಹೋದ, ದೀಪಾ ಹೋದಳು, ಬಾಳೆಗಿಡಗಳೂ ಹೋದವು. ಗೋಡೆ ಬೆಳ್ಳಗೆ ಆಯಿತು. ಬಿಸಿಲಿಗೆ ಸುಣ್ಣ ಒಣಗುವ ತನಕ ಎಲ್ಲರೂ ಹಂದರದ ನೆರಳಿನಲ್ಲಿ ನಿಂತರು. ಇನ್ನು ಅವಳು ಡಬ್ಬಿ ಮುಚ್ಚಿ ಬಸ್ಸು ಹತ್ತುತ್ತಾಳೆ, ಈ ಗೋಡೆ ಹೀಗೇ ಬೋಳಾಗಿ ಲಗ್ನ ನೋಡುತ್ತದೆ, ಎಲ್ಲ ನನ್ನಿಂದ ಎಂದು ನಾನು ನೆಲ ನೋಡುತ್ತಿದ್ದೆ. ಮಾಮಾ ಚೀಲದೊಳಗಿಂದ ಸದ್ದಿಲ್ಲದೆ ಕೆಂಪು ಡಬ್ಬಿ ತೆಗೆದಿಟ್ಟ. ಸುಣ್ಣ ಮಾತ್ರ ತಗೋರಿ ಎಂದಿದ್ದಳು, ಕೆಂಪನ್ನು ಅವನು ತಾನಾಗಿ ತಂದಿದ್ದ. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು. ಕಚ್ಚೆ ಕಟ್ಟಿ ನಿಚ್ಚಣಿಕೆ ಕೇಳಿದಳು.

‘ಶ್ರೀ’ಗೆ ಕುಂಚ ಮುಟ್ಟಿಸಿದ್ದೇ ಬಾಯಿಯೂ ಶುರುವಾಯಿತು. ಗೋಡೆಯ ಕಡೆ ಮುಖ ಮಾಡಿಕೊಂಡೇ ತಂಗಿಗೆ ಬೈಯತೊಡಗಿದಳು. ಬೀಗರ ಮುಂದೆ ನನ್ನನ್ನು ಹಳೆಯ ಸಾಮಾನು ಮಾಡಿದಿ ಎಂದು ‘ಚಿ’ ಬರೆದಳು. ಊಟ ಮಾಡದೆ ಹೋದರೂ ಹಿಂದಿನಿಂದ ಒಬ್ಬರನ್ನೂ ಕಳಿಸಲಿಲ್ಲ ಎಂದು ‘ಸಂ’ ಬರೆದಳು. ಮೊಣಕಾಲು ಬಾತು ಮಲಗಿದ್ದಾಗ ಊರೆಲ್ಲ ಬಂದು ನೋಡಿತು, ನೀನು ಬರಲಿಲ್ಲ ಎಂದು ‘ತೋ’ಕ್ಕೆ ಕೊಂಬು ಎಳೆದಳು. ಗಿರಿಜತ್ತಿ ಮೊದಲು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದವಳು ನಿಚ್ಚಣಿಕೆಯ ಬುಡ ಗಟ್ಟಿಯಾಗಿ ಹಿಡಿದು ಕೆಳಗಿನಿಂದಲೇ ಜವಾಬು ಕೊಡತೊಡಗಿದಳು. ಮಗಳ ಬಾಣಂತನಕ್ಕೆ ನೀನೂ ಬರಲಿಲ್ಲ, ನಿನ್ನ ಸಿಟ್ಟಿಗೆ ಹೆದರಿ ನಾನು ಹಾವೇರಿ ಸಂತೆಗೂ ಬಂದಿಲ್ಲ. ಹಂದರ ಹಾಕುವವರು ಗಳ ಹಿಡಿದುಕೊಂಡೇ ಕೇಳುತ್ತ ಕುಳಿತರು. ದೀಪಾಳ ದೀರ್ಘ ಬರುವ ಹೊತ್ತಿಗೆ ಇಬ್ಬರ ಗಂಟಲೂ ಬಿದ್ದು, ಬೈಗುಳ ಪಿಸುಮಾತಿಗೆ ಇಳಿದಿತ್ತು. ಮಾಮಾ ಎದೆಯ ಮಟ್ಟದಲ್ಲಿ ‘ಸರ್ವರಿಗೂ ಸ್ವಾಗತ’ ಎಂದು ಅಟೆನ್ಶನ್ನಿನಲ್ಲಿ ಬರೆದು ಮುಗಿಸಿದ. ಶಾಂತತ್ತಿ ಕೆಳಗಿಳಿದು ಕೈ ಒರೆಸಿಕೊಂಡು ಹಣೆ ಮುಂದೆ ಮಾಡಿದಳು. ಗಿರಿಜತ್ತಿ ಕುಂಕುಮ ಹಚ್ಚಿದಳು.

ಅಲ್ಲಿಗೆ ಸುಮ್ಮನಿದ್ದರೆ ನಾನು ಗಿಳಿ ಹೇಗಾದೇನು? ಹಿಂದಿನ ದಿನದ ನನ್ನ ಗೋಡೆಯ ಫೋಟೋ ಮೊಬೈಲಿನಲ್ಲಿತ್ತು. ಅದನ್ನು ಹೊಸ ಗೋಡೆಯ ಪಕ್ಕ ಹಿಡಿದೆ. ಅದೇ ಗೀರು, ಅದೇ ಒರಗು, ಅದೇ ಹಾರುವ ಸೆರಗು. ನೆರೆದವರಿಗೆಲ್ಲ ತೋರಿಸಿ, ಇಷ್ಟೆಲ್ಲ ಸುಣ್ಣ ಬಣ್ಣ ಖರ್ಚು ಮಾಡಿದಿರಿ, ಖರೇ ಹೇಳ್ರಿ, ಇದಕ್ಕೂ ಅದಕ್ಕೂ ಫರಕ್ ಏನೈತಿ ಎಂದು ಕೇಳಿದೆ. ಹಂದರದವರು ಕತ್ತು ಚಾಚಿ ಎರಡನ್ನೂ ನೋಡಿ, ಏನೂ ಇಲ್ಲ ಎಂದು ತಲೆಯಾಡಿಸಿದರು. ಶಾಂತತ್ತಿ ಕುಂಚ ತೊಳೆಯಲು ಹೋದಳು. ಗಿರಿಜತ್ತಿ ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು, ನೋಡಿ, ಮರಳಿ ಕೊಟ್ಟಳು.

“ನಿನ್ನ ಅಕ್ಷರ ಸುಮ್ಮನ ಬಂದು ಕುಂತಿದ್ವಲೇ. ಇವು ನನ್ನ ಬೈಕೋತ ಬಂದಾವ.”